ಎಲೆಗೆ ಅಡ್ಡ ಹಿಡಿದ ಅಂಗೈ

ಬಡಿಸುವವನು ಪಕ್ಕದೆಲೆಗೆ ಇನ್ನೊಂದು ಸೌಟು ಸಾರು ಹಾಕಲು ಬಗ್ಗಿದ. ಆ ಎಲೆಯ ಮುಂದೆ ಕೂತಿದ್ದ ಏಳು ವರ್ಷದ ನೀಲ ಇನ್ನೇನು ಕಿರುಚುತ್ತಾಳೆಂದು ನಾನು ಬಾಯಿಗೆ ಹೋಗುತ್ತಿದ್ದ ತುತ್ತನ್ನು ಅಲ್ಲೇ ನಿಲ್ಲಿಸಿದೆ.

ಎಂಬತ್ತರ ದಶಕದಲ್ಲಿ ತರೀಕೆರೆಯ ಒಂದು ಮದುವೆ ಊಟ ಅದು. ನೀಲ ಅಜ್ಜಂಪುರದಲ್ಲಿ ನಮ್ಮ ಪಕ್ಕದ ಮನೆಯ ಶಾಂತಮ್ಮನ ಮಗಳು. ಅವಳಿಗೆ ಮಾತು ಬರುತ್ತಿರಲಿಲ್ಲ, ಕೇಳದೆ ಎಲೆಗೆ ಏನಾದರೂ ಬಿದ್ದರೆ ಚಪ್ಪರ ಹಾರುವಂತೆ ಕೂಗುತ್ತಿದ್ದಳು. ಅದಕ್ಕೆ ಆಟಿಸಂ ಎನ್ನುತ್ತಾರೆಂದು ನಮಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಬೆಂಗಳೂರಿನ ಆಸ್ಪತ್ರೆಯ ಟೀಚರ್ ಒಬ್ಬರು ತೋರಿಸಿಕೊಟ್ಟಂತೆ ಶಾಂತಮ್ಮ ದಿನಾ ಊಟದ ಹೊತ್ತಿಗೆ ಮಗಳ ಕೈ ಹಿಡಿದು ಸನ್ನೆ ಕಲಿಸುತ್ತಿದ್ದಳು. ಅಂಗೈ ಚಾಚಿದರೆ ಬೇಕು, ತಟ್ಟೆಗೆ ಅಡ್ಡ ಹಿಡಿದರೆ ಸಾಕು. ಶಾಂತಮ್ಮನ ಅತ್ತೆಗೆ ಅದು ಸುತರಾಂ ಹಿಡಿಸಿರಲಿಲ್ಲ. "ಕೈ ಆಡಿಸಿದ್ರೆ ನಾಲ್ಗೆ ಹೊರಳ್ತದೇನೇ? ಇವತ್ತೂ ಕೂಗಿದ್ರೆ ಇನ್ಮೇಲೆ ತಾಯಿ ಮಗಳು ಮನೇಲೇ ಇರ್ರಿ" ಎಂದು ಮದುವೆಗೆ ಬರುವಾಗ ಬಸ್ಸಿನಲ್ಲೇ ಹೇಳಿಬಿಟ್ಟಿದ್ದರು.

ನೀಲ ಕೂಗಲಿಲ್ಲ. ಎರಡೂ ಅಂಗೈಗಳನ್ನು ಎಲೆಗೆ ಅಡ್ಡ ಹಿಡಿದಳು. ಬಡಿಸುವವನು ಬಿಡಬೇಕಲ್ಲ! "ನಾಚ್ಕೋಬೇಡ ಕಣವ್ವಾ, ಒಂದೇ ಸೌಟು" ಎನ್ನುತ್ತಾ ಬೆರಳ ಸಂದಿ ಹುಡುಕಿದ. ಆಚೆ ಎಲೆಯಿಂದ ಅತ್ತೆಯೇ ಗದರಿದರು: "ಲೇ, ಮಗು ಸಾಕು ಅಂತೈತಲ್ಲ, ಕಾಣಲ್ವೇನೋ ನಿಂಗೆ?"

ಶಾಂತಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು, ಅಥವಾ ಅತ್ತಳು.

ಅವತ್ತಿನಿಂದ ನಾನು ಯಾರಿಗೂ ಬಲವಂತ ಮಾಡಿ ಬಡಿಸಿಲ್ಲ. ನೆಂಟರು ಹಿಂದಿನಿಂದ ನನ್ನನ್ನು ಜಿಪುಣಿ ಅನ್ನುತ್ತಾರಂತೆ. ಅನ್ನಲಿ ಬಿಡಿ.