ದೇವರ ಹಾಲು, ನನ್ನ ಎಡ ಮೊಣಕೈ

ಹನ್ನೆರಡನೆಯ ಸೋಮವಾರ ಮಧ್ಯಾಹ್ನ ಮುದ್ದೆ ತಿರುವುತ್ತಿದ್ದೆ. ಎಡಗೈಯಲ್ಲಿ ಹಿಡಿದಿದ್ದ ಪಾತ್ರೆ ಜಾರಿತು. ಮೊಣಕೈಯ ಹೊರಬದಿಗೆ ಮೊಳೆ ಹೊಡೆದ ಹಾಗಾಯಿತು. ಬಿಸಿ ಹಿಟ್ಟು ಒಲೆಯ ಮೇಲೆ ಬಿತ್ತು, ಕಾಲ ಮೇಲೆ ಬೀಳಲಿಲ್ಲ. ಈಶ್ವರನ ದಯೆ.

ಮರುದಿನ ಆ ಕೈಯಲ್ಲಿ ಚೊಂಬು ಎತ್ತಲೂ ಆಗಲಿಲ್ಲ.

ನನಗೆ ಕೈಗಿಂತ ಹರಕೆಯದೇ ಚಿಂತೆ. ಅತ್ತೆಯ ಕಣ್ಣಿನ ಆಪರೇಷನ್ ಸಲೀಸಾಗಿ ಆದರೆ ಹದಿನಾರು ಸೋಮವಾರ, ಮೋಟಾರು ಹತ್ತದೆ, ನನ್ನ ಕಾಲಿನ ಬಲದಲ್ಲೇ ಗುಡ್ಡದ ಈಶ್ವರನಿಗೆ ಹಾಲು ಒಯ್ಯುತ್ತೇನೆ ಅಂದುಕೊಂಡಿದ್ದೆ. ಒಂದು ತಪ್ಪಿದರೂ ಮತ್ತೆ ಮೊದಲಿಂದ ಎಣಿಸಬೇಕು. ನಮ್ಮೂರು ಕೊಪ್ಪದಿಂದ ನಡೆದು ಹೋಗಿ ಬಂದರೆ ಅರ್ಧ ದಿನ. ಹಸು, ಒಲೆ ಯಾರು ನೋಡುತ್ತಾರೆ? ಪೆಡಲ್ ತುಳಿಯುವುದೂ ಕಾಲಿನ ಬಲವೇ ಎಂದು ಅತ್ತೆ ಒಪ್ಪಿದ ಮೇಲೆ ಮಗಳ ಮೌಂಟನ್ ಬೈಕು ಹತ್ತಿದ್ದೆ. ದಪ್ಪ ಟೈರು, ಗುಡ್ಡದ ಕಲ್ಲುದಾರಿಗೆ ಹೇಳಿ ಮಾಡಿಸಿದ್ದು.

ಮಂಡ್ಯದ ಡಾಕ್ಟರು ಎಕ್ಸ್‌ರೇ ನೋಡಿ ಮೂಳೆ ಸರಿಯಿದೆ, ಇದು ಟೆನಿಸ್ ಎಲ್ಬೋ ಎಂದು ಫಿಸಿಯೋಥೆರಪಿಗೆ ಕಳಿಸಿದರು. ಸೊಸೆಗೆ ಆಟಗಾರರ ಕಾಯಿಲೆ ಬಂದಿದೆಯೆಂದು ಅತ್ತೆ ಬೀದಿಯವರಿಗೆಲ್ಲ ಹೆಮ್ಮೆಯಿಂದ ಹೇಳಿದರು.

ಫಿಸಿಯೋ ಹುಡುಗಿ, ಸೈಕಲ್ ಹೇಗೆ ಹಿಡಿಯುತ್ತೀರಿ ತೋರಿಸಿ ಎಂದಳು. ಕುರ್ಚಿಯಲ್ಲಿ ಕೂತು ಎಡಗೈಯನ್ನು ಕೋಲಿನಂತೆ ಚಾಚಿ, ಬಲಗೈ ಎದೆಮಟ್ಟಕ್ಕೆ ಎತ್ತಿದೆ.

“ಬಲಗೈ ಯಾಕೆ ಮೇಲಿದೆ, ಆಂಟಿ?”

“ದೇವ್ರ ಆಲು ಕಣಮ್ಮ. ಎಡಗೈಲಿ ಇಡಿಯಕ್ಕಾಯ್ತದಾ?”

ಅವಳು ನನ್ನ ಬಲಗೈಯನ್ನು ಇಳಿಸಿ ಎಡಗೈಯ ಪಕ್ಕಕ್ಕೆ ತಂದಿಟ್ಟಳು.

ಆಮೇಲೆ ಬಿಡಿಸಿ ಹೇಳಿದಳು. ಟೈರು ಕಲ್ಲಿನ ಮೇಲೆ ಕುಣಿದಾಗಲೆಲ್ಲ ಆ ಏಟು ಹ್ಯಾಂಡಲ್ಲಿನಿಂದ ಕೈಗೆ ಏರುತ್ತದೆ. ಎರಡು ಕೈ ಹಂಚಿಕೊಳ್ಳಬೇಕಾದ್ದನ್ನು ಒಂದೇ ಕೈ, ಮೊಣಕೈ ಮಡಿಸದೆ, ಬಿಗಿಹಿಡಿದು, ಬ್ರೇಕೂ ಅಮುಕಿಕೊಂಡು ತಿಂದಿದೆ. ಹಾಲು ಬೆನ್ನಿನ ಬ್ಯಾಗಿಗೆ ಹಾಕಿ, ಎರಡೂ ಕೈಯಲ್ಲಿ ಸಡಿಲವಾಗಿ ಹಿಡಿಯಿರಿ, ಮೊಣಕೈ ಸ್ವಲ್ಪ ಮಡಿಸಿರಿ, ಸೀಟು ಒಂದಿಷ್ಟು ಮುಂದಕ್ಕೆ ತನ್ನಿ. ಅದೆಲ್ಲ ಆಮೇಲೆ. ಮೊದಲು ಮೂರು ವಾರ ಸೈಕಲ್ ಮುಟ್ಟಬೇಡಿ.

ಮೂರು ವಾರವೆಂದರೆ ಮೂರು ಸೋಮವಾರ.

ಬಸ್ಸಿನಲ್ಲಿ ಅತ್ತುಬಿಟ್ಟೆ. ಪಕ್ಕದಲ್ಲಿ ಕೂತ ನಮ್ಮ ಯಜಮಾನರು ಕಿಟಕಿಯ ಕಡೆ ನೋಡುತ್ತಲೇ ಅಂದರು: “ಆಲು ನಾನ್ ಕರೀತೀನಿ, ಮುದ್ದೆನೂ ನಾನೇ ತಿರುವ್ತೀನಿ. ನೀನ್ ನಡ್ಕೊಂಡೋಗು. ಅಳೋದ್ ಬುಡು.”

ಮೊದಲ ಸೋಮವಾರ ಹಸು ಅವರನ್ನು ಒದೆಯಿತು. ಎರಡನೆಯದಕ್ಕೆ ಅರ್ಧ ಚೊಂಬು ಕೊಟ್ಟಿತು. ಮೂರನೆಯದಕ್ಕೆ ಅವರು ನನ್ನ ಹಳೇ ಸೀರೆ ತಲೆತುಂಬ ಹೊದ್ದು ಕೂತರು, ಹಸು ನಂಬಿತು. ಅವರ ಮುದ್ದೆಯಲ್ಲಿ ಗಂಟುಗಳಿದ್ದವು, ಅವನ್ನೂ ಸೇರಿಸಿ ನುಂಗಿದೆವು. ನಾನು ಬಲಗೈಯಲ್ಲಿ ಹಾಲು ಹಿಡಿದು ನಡೆದೆ, ಬಂದು ಕೈಗೆ ಐಸ್ ಇಟ್ಟುಕೊಂಡೆ, ಹೇಳಿಕೊಟ್ಟ ವ್ಯಾಯಾಮ ಮಾಡಿದೆ. ನೋವು ಹೋಗಲಿಲ್ಲ, ತಗ್ಗಿತು.

ಹರಕೆಯ ಕೊನೆಯ, ಹದಿನಾರನೆಯ ಸೋಮವಾರಕ್ಕೆ ಫಿಸಿಯೋ ಹುಡುಗಿ ಸೈಕಲ್ಲಿಗೆ ಹೂಂ ಅಂದಳು. ದೇವರ ಹಾಲನ್ನು ಬೆನ್ನಿಗೆ ಹಾಕಬಹುದೇ ಎಂದು ಅತ್ತೆಯನ್ನು ಕೇಳಿದೆ.

“ದೇವ್ರುನ್ನೇ ಒತ್ಕೊಂಡ್ ಮೆರೆಸ್ತೀವಿ. ಆಲೇನ್ ಎಚ್ಚಾ? ಓಗ್ಬಾ.”

ಮೊಣಕೈ ಮಡಿಸಿ, ಬಾಯಲ್ಲಿ ಶಿವನಾಮ ಹೇಳುತ್ತ ಹೋದೆ. ಅರ್ಚಕರು ಡಬ್ಬಿಯ ಮುಚ್ಚಳ ತೆಗೆದು ಬಗ್ಗಿ ನೋಡಿದರು. ಕಲ್ಲುದಾರಿಯ ಏಟು ಈ ಸಲ ಹಾಲಿಗೆ ಬಿದ್ದಿತ್ತು. ಮೇಲೆ ಬೆಣ್ಣೆಯ ಹರಳುಗಳು ತೇಲುತ್ತಿದ್ದವು.

“ಬೆಣ್ಣೆನೂ ಹರಕೆಲಿತ್ತಾ, ತಾಯಿ?”

ಎಂದು ಕೇಳಿ, ಹಾಗೆಯೇ ಲಿಂಗದ ಮೇಲೆ ಸುರಿದರು. ಈಶ್ವರ ಬೇಡವೆನ್ನಲಿಲ್ಲ. ಎರಡೂ ಕೈ ಎತ್ತಿ ಮುಗಿದೆ. ಎಡ ಮೊಣಕೈ ಸಣ್ಣಗೆ ಗೊಣಗಿತು, ಅಷ್ಟೇ.