ಮಂಗಳನಿಗೆ ಹೋಲಿಸಲು ತಂದ ಕಲ್ಲುಗಳು

ಅಫಜಲಪುರದ ನಮ್ಮ ಕಾಲೇಜಿನಲ್ಲಿ ಸಿದ್ದಲಿಂಗ ಅಟೆಂಡರ್. ಭೂವಿಜ್ಞಾನ ಕಲಿಸುವವಳು ನಾನು, ಜಯಮಾಲಾ. ಆದರೆ ಕಲ್ಲು ಗೊತ್ತಿರುವುದು ಅವರಿಗೆ. ಹೊಲದ ಬದುವಿನಲ್ಲಿ ಬಿದ್ದ ಕಲ್ಲನ್ನು ಅಂಗೈಯಲ್ಲಿಟ್ಟು ತೂಗಿ, "ಇದು ಈ ಊರಿಂದಲ್ರಿ, ಯಾರೋ ಬಂಡಿಯೊಳಗ ತಂದು ಹಾಕ್ಯಾರ" ಎನ್ನುವ ಆಸಾಮಿ. ನಾನೋ ಸಿಟ್ಟಿನವಳು. ದಿನಕ್ಕೆರಡು ಸಲ ಅವರ ಮೇಲೆ ರೇಗದಿದ್ದರೆ ನನಗೆ ಉಂಡದ್ದು ಅರಗುವುದಿಲ್ಲ. ಅವರು ಅದನ್ನು ಕಿವಿಗೆ ಹಾಕಿಕೊಳ್ಳುವುದೂ ಇಲ್ಲ.

ಜೇವರ್ಗಿಯ ಮಸರತ ನನ್ನ ಹಳೆಯ ವಿದ್ಯಾರ್ಥಿನಿ. ಈಗ ಕಲಬುರಗಿಯಲ್ಲಿದ್ದುಕೊಂಡು ಮಂಗಳ ಗ್ರಹದ ನೆಲದ ಮೇಲೆ ಸಂಶೋಧನೆ ಮಾಡುತ್ತಾಳೆ. ಮಂಗಳನನ್ನು ಸುತ್ತುವ ನೌಕೆ ಕಣ್ಣಿಗೆ ಕಾಣದ ಅವಕೆಂಪು ಬೆಳಕಿನಲ್ಲಿ ಅಲ್ಲಿನ ಚಿತ್ರ ತೆಗೆಯುತ್ತದೆ. ಒಂದೊಂದು ಖನಿಜ ಆ ಬೆಳಕಿನ ಒಂದೊಂದು ಪಾಲನ್ನು ನುಂಗುತ್ತದೆ. ಯಾವ ಪಾಲು ಕಾಣೆಯಾಗಿದೆ ಎಂದು ನೋಡಿದರೆ ಅಲ್ಲಿರುವುದು ಯಾವ ಕಲ್ಲೆಂದು ತಿಳಿಯುತ್ತದೆ. ಹೋಲಿಸಿ ನೋಡಲು ಮಾತ್ರ ಇಲ್ಲಿಯ ಕಲ್ಲು ಬೇಕು. ನಮ್ಮ ಆಳಂದ ಕಡೆಯ ಕರಿಕಲ್ಲು ಮಂಗಳನ ಕರಿಕಲ್ಲಿಗೆ ಹತ್ತಿರದ ನಂಟ. ಹಾಗಾಗಿ ಅಲ್ಲಿನ ಕಿಣ್ಣಿ ಸುಲ್ತಾನ ಎಂಬ ಹಳ್ಳಿಯಿಂದ ನಲವತ್ತು ಕಲ್ಲು ಆರಿಸಿ ಅವಳಿಗೆ ಕಳಿಸಿಕೊಟ್ಟವರು ಸಿದ್ದಲಿಂಗ.

ಈ ವರ್ಷ ಒಂದು ದಿನ ಮಸರತ ಬಸ್ಸಿಳಿದವಳೇ ಓಡಿ ಬಂದಳು. ಮಂಗಳನ ಒಂದು ಕರಿ ಬಯಲಿನಲ್ಲಿ ಸುಣ್ಣದ ಗುರುತು ಕಾಣುತ್ತಿತ್ತಂತೆ. ಅದು ಹೇಗೆ ಬಂತೆಂದು ಅವಳಿಗೆ ಬಗೆಹರಿದಿರಲಿಲ್ಲ. ಈಗ ನೋಡಿದರೆ ಕಿಣ್ಣಿ ಸುಲ್ತಾನದ ನಲವತ್ತೂ ಕಲ್ಲಿನ ಮೇಲೆ ಅದೇ ಗುರುತು! ಅಂದರೆ ಇಂಥ ಕರಿಕಲ್ಲಿನ ಮೇಲೆ ಸುಣ್ಣ ತಾನಾಗಿಯೇ ಕಟ್ಟುತ್ತದೆಂದು ಅವಳ ಲೆಕ್ಕ. ಸೋಮವಾರ ಹಿರಿಯ ವಿಜ್ಞಾನಿಗಳೆದುರು ಅವಳ ಭಾಷಣ. ಮುಂದಿನ ಫೆಲೋಶಿಪ್ ಸಿಗುವುದು ಬಿಡುವುದು ಅದರ ಮೇಲೆಯೇ ನಿಂತಿತ್ತು.

"ಕಾಕಾ, ಕಲ್ಲು ತಂದವರು ಅಂತ ನಿಮ್ಮ ಹೆಸರೂ ಹಾಕೇನಿ" ಎಂದು ಸಿದ್ದಲಿಂಗರಿಗೆ ಹೇಳಿ ಅಪ್ಪನಿಗೆ ಫೋನ್ ಮಾಡಲು ಹೊರಗೆ ಹೋದಳು.

ಸಿದ್ದಲಿಂಗ ನನ್ನ ಮೇಜಿನ ಬಳಿ ಬಂದರು. "ಮೇಡಂ, ಆ ಯಂತ್ರ ಕಲ್ಲಿನ ಒಳಗ ನೋಡ್ತದೋ, ಮ್ಯಾಲಿನ ತೊಗಲಷ್ಟ ನೋಡ್ತದೋ?"

"ತೊಗಲಷ್ಟರಿ. ಯಾಕ?"

"ಹಂಗಾದ್ರ ಅದು ನನ್ನ ವಿಭೂತಿರಿ."

ಅವರ ಮನೆಯಲ್ಲಿ ಹೊಸ ಕೂರಿಗೆಯಿರಲಿ, ಪಂಪಸೆಟ್ಟಿರಲಿ, ಕೆಲಸಕ್ಕೆ ಹೊರಡುವ ಮುಂಚೆ ವಿಭೂತಿ ಹಚ್ಚುವ ಪದ್ಧತಿ. ಇಷ್ಟು ದೊಡ್ಡ ಕೆಲಸಕ್ಕೆ ಹೊರಟ ಕಲ್ಲುಗಳನ್ನು ಬಿಟ್ಟಾರೆಯೇ? ಮೂರು ಬೆರಳಿನಿಂದ ಎಳೆದಿದ್ದಾರೆ. ಆಮೇಲೆ ಪ್ರಯೋಗಾಲಯದವರು ಬೈದಾರೆಂದು ಒದ್ದೆ ಬಟ್ಟೆಯಲ್ಲಿ ಒರೆಸಿದ್ದಾರೆ. ಅವರ ವಿಭೂತಿಯಲ್ಲಿ ಸುಣ್ಣದ ಕಲ್ಲಿನ ಪುಡಿ ಇತ್ತು. ಸಣ್ಣ ಸಣ್ಣ ತೂತುಗಳ ಆ ಕಲ್ಲು ಅದನ್ನು ಹಿಡಿದುಕೊಂಡು ಕೂತಿತ್ತು.

ನನಗೆ ಮೈಯೆಲ್ಲ ಉರಿಯಿತು. ಆದರೆ ಕಿಟಕಿಯಾಚೆ ಹುಡುಗಿ ಅಪ್ಪನ ಜೊತೆ ನಗುನಗುತ್ತ ಮಾತಾಡುತ್ತಿದ್ದಳು. ದನಿ ತಗ್ಗಿಸಿ ಹೇಳಿದೆ: "ಬಾಯಿ ಬಿಟ್ಟರ ಬಣ್ಣಗೇಡು. ಸುಮ್ಕ ಇರ್ರಿ. ಮಂಗಳಕ್ಕ ಹೋಗಿ ಯಾರು ನೋಡ್ತಾರ?"

"ಯಾರೂ ನೋಡಂಗಿಲ್ರಿ. ಅದಕ್ಕ ನಾವು ಹೇಳಬೇಕಲ್ರಿ" ಎಂದವರು ಹೊರಟೇಬಿಟ್ಟರು.

ಮಸರತ ಮೊದಲು ನಂಬಲಿಲ್ಲ. ಆಮೇಲೆ ಬೈದಳು, ಆಮೇಲೆ ಅತ್ತಳು. "ಎರಡು ವರ್ಷದ ಕೆಲಸ ಮಣ್ಣುಪಾಲಾತಲ್ರಿ ಕಾಕಾ! ಎಷ್ಟು ಕಲ್ಲಿಗೆ ಹಚ್ಚೀರಿ?"

"ಎಲ್ಲಾಕ್ಕೂ ಯವ್ವಾ. ಒಂದಕ್ಕ ಹಚ್ಚಿ ಒಂದಕ್ಕ ಬಿಡೂದು ಹೆಂಗ?"

ಅಳುತ್ತಿದ್ದವಳಿಗೆ ನಗು ಬಂತು. ಸಿದ್ದಲಿಂಗರ ಕಣ್ಣಲ್ಲಿ ನೀರು ನಿಂತಿತ್ತು. ಸೋಮವಾರದ ಭಾಷಣವನ್ನು ಅವಳೇ ಹಿಂದಕ್ಕೆ ತೆಗೆದುಕೊಂಡಳು. ಫೆಲೋಶಿಪ್ ಬೇರೆಯವರ ಪಾಲಾಯಿತು.

ಮೊನ್ನೆ ಮತ್ತೆ ಬಂದಿದ್ದಳು. ಹೊಸದಾಗಿ ಕಲ್ಲು ಬೇಕಿತ್ತು. ಈ ಸಲ ಎಂ.ಎಸ್ಸಿ. ಆದವರನ್ನು ಯಾರನ್ನಾದರೂ ಕಳಿಸುತ್ತೇನೆ ಎಂದೆ.

"ಬ್ಯಾಡ್ರಿ ಮೇಡಂ, ಕಾಕಾನೇ ಬರ್ಲಿ. ತಪ್ಪಾದ್ರ ಬಂದು ಹೇಳ್ತಾರ" ಎಂದಳು. ಮತ್ತೆ ನನ್ನ ಕಡೆ ತಿರುಗಿ, "ಅವರೂ ನಿಮ್ಮ ಕೈಯಾಗ ಪಳಗಿದವರಲ್ಲೇನ್ರಿ!" ಎಂದು ಅಭಿಮಾನದಿಂದ ನಕ್ಕಳು.

ಸಿದ್ದಲಿಂಗ ಚೀಲ ಹೆಗಲಿಗೇರಿಸಿದರು. ನಾನು ಬಾಯಿ ಮುಚ್ಚಿಕೊಂಡಿರಲು ಹೇಳಿದ್ದನ್ನು ಅವರು ಅವಳಿಗೆ ಇಂದಿಗೂ ಹೇಳಿಲ್ಲ. ನಾನೂ ಹೇಳಿಲ್ಲ.