ಕೊರಡಿಗೆ ನೆಟ್ಟ ಮಚ್ಚು

ಇದಕ್ಕೆ ನನಗೆ ಬಿದ್ದ ಖರ್ಚು ಇಷ್ಟು: ಮುಂದಿನ ಒಂದು ಹಲ್ಲು, ಒಂದು ಪಿಕಪ್ ತುಂಬ ಎಳನೀರು, ತಮ್ಮನ ಎಂಟು ತಿಂಗಳ ಮಾತು. ಹಲ್ಲು ಕಟ್ಟಿಸಿಕೊಂಡೆ. ಎಳನೀರನ್ನು ಮರ ಮತ್ತೆ ಬಿಡುತ್ತದೆ. ಮೂರನೆಯದಕ್ಕೆ ಮಾತ್ರ ಯಾವ ಅಂಗಡಿಯಲ್ಲೂ ಬದಲಿ ಸಿಗಲಿಲ್ಲ. ಇಷ್ಟು ಕೊಟ್ಟದ್ದು, ಒಂದು ಬೆಳಿಗ್ಗೆ ಎತ್ತಿದ್ದ ಮಚ್ಚನ್ನು ಇಳಿಸಿದ್ದಕ್ಕೆ. ಚೌಕಾಸಿ ಮಾಡಿಯೇ ಮೇಲೆ ಬಂದವನು ನಾನು. ಈ ವ್ಯಾಪಾರದಲ್ಲಿ ಮೋಸ ಹೋಗಲಿಲ್ಲ ಅಂತ ಇವತ್ತಿಗೂ ಎದೆ ತಟ್ಟಿ ಹೇಳುತ್ತೇನೆ.

ನನ್ನದು ಎಳನೀರಿನ ವ್ಯಾಪಾರ. ತೋಟದ ಫಸಲನ್ನು ಮರದ ಮೇಲಿರುವಾಗಲೇ ಮಾತಾಡಿಕೊಂಡು, ಇಳಿಸಿ, ಮದ್ದೂರಿನ ಮಾರುಕಟ್ಟೆಗೆ ಸಾಗಿಸುತ್ತೇನೆ. ಊರು ಪೂರಿಗಾಲಿಯ ಹತ್ತಿರ. ನಾವು ಕ್ರೈಸ್ತರು, ಉಳಿದ ಮನೆಗಳವರಿಗೆ ಇದ್ದ ಹಾಗೆ ನಮಗೂ ಒಂದಿಷ್ಟು ಗದ್ದೆ, ಎರಡು ಹಸು. ಮರ ನೋಡಿ ಕಾಯಿ ಅಂದಾಜು ಮಾಡುವುದನ್ನು ಕಲಿಸಿದವನು ದೊಡ್ಡಪ್ಪ. ಶುಭ ಶುಕ್ರವಾರ ಬಂತೆಂದರೆ ಅವನು ಮನೆಯ ಮಚ್ಚುಗಳನ್ನೆಲ್ಲ ಒರೆಸಿ, ಗೋಣಿಚೀಲದಲ್ಲಿ ಸುತ್ತಿ ಅಟ್ಟಕ್ಕೆ ಹಾಕುತ್ತಾನೆ. ಅವತ್ತು ಈರುಳ್ಳಿ ಹೆಚ್ಚುವುದಕ್ಕೂ ಬಿಡುವುದಿಲ್ಲ.

ಚರ್ಚಿನಲ್ಲಿ ಅವತ್ತು ಓದುವ ಕಥೆಯಲ್ಲಿ, ಸ್ವಾಮಿಯನ್ನು ಹಿಡಿಯಲು ಜನ ಬಂದಾಗ ಶಿಷ್ಯನೊಬ್ಬ ಕತ್ತಿ ಬೀಸುತ್ತಾನೆ. ಬಂದವರಲ್ಲಿ ಒಬ್ಬ ಆಳಿನ ಕಿವಿ ಹಾರುತ್ತದೆ. ಸ್ವಾಮಿ ಶಿಷ್ಯನನ್ನು ಗದರಿ ಕತ್ತಿ ಒಳಗಿಡಿಸಿ, ಆ ಕಿವಿಯನ್ನು ವಾಸಿ ಮಾಡುತ್ತಾರೆ. ದೊಡ್ಡಪ್ಪನ ಇಡೀ ಧರ್ಮ ಆ ಕಿವಿಯಲ್ಲಿದೆ.

"ಸ್ವಾಮಿ ಕಣ್ಮುಂದೆ ನಮ್ಮೋರು ಬೀಸಿದ್ದು ಅದೊಂದೇ ಏಟು ಕಣ್ಲಾ. ಅದ್ನೂ ಅವ್ರು ವಾಪಸ್ ತಗೊಂಡ್ರು. ಮಚ್ಚು ಇರೋದು ಕಾಯಿಗೆ. ಮನ್ಸನ ಜೊತೆ ಮಾತಾಡೋವಾಗ ಅದು ಕೈಲಿರ್ಬಾರ್ದು" ಅನ್ನುತ್ತಿದ್ದ. ನಾವು ತಲೆಯಾಡಿಸುತ್ತಿದ್ದೆವು. ತಲೆಯಾಡಿಸುವುದಕ್ಕೆ ಖರ್ಚಿಲ್ಲವಲ್ಲ.

ಕೊಪ್ಪದ ಕಡೆ ಅಣ್ಣತಮ್ಮಂದಿರಿಬ್ಬರ ತೋಟವೊಂದಿತ್ತು. ಅಣ್ಣನ ಜೊತೆ ಮಾತಾಡಿ ಅಡ್ವಾನ್ಸ್ ಕೊಟ್ಟಿದ್ದೆ. ಕಾಯಿ ಇಳಿಸುವ ದಿನ ನಾನೂ ನನ್ನ ತಮ್ಮನೂ ಬೆಳಿಗ್ಗೆ ಹೋಗಿ ನೋಡಿದರೆ, ಬೇರೊಬ್ಬ ವ್ಯಾಪಾರಿ ಆಗಲೇ ಪಿಕಪ್ ತುಂಬಿಸಿ ಹಗ್ಗ ಬಿಗಿಸುತ್ತಿದ್ದಾನೆ. ಮಾರುಕಟ್ಟೆಯಲ್ಲಿ ಮುಖ ಕಂಡಿದ್ದವನೇ.

"ಯಾರ್ನ ಕೇಳಿ ಇಳುಸ್ದೆ ಲೇ?" ತಮ್ಮ ಬದುವಿನ ಮೇಲಿಂದಲೇ ಕೂಗಿದ.

"ನಿಮ್ಮಪ್ಪನ್ನ ಕೇಳ್ಬೇಕಿತ್ತೇನ್ಲಾ?"

ನಮ್ಮಪ್ಪ ತೀರಿಕೊಂಡು ಇನ್ನೂ ವರ್ಷವಾಗಿರಲಿಲ್ಲ. ಆ ವ್ಯಾಪಾರಿಗೆ ಅದು ಗೊತ್ತಿರಲಿಲ್ಲ. ತಮ್ಮ ಮಚ್ಚು ಹಿಡಿದು ನುಗ್ಗಿದ, ನಾನು ಮಧ್ಯೆ ಹೋದೆ, ತಮ್ಮನಿಗೆಂದು ಬಂದ ಗುದ್ದು ನನ್ನ ಬಾಯಿಗೆ ಬಿತ್ತು. ಆಗ ನನ್ನ ಕೈಯ ಮಚ್ಚೂ ಮೇಲೆದ್ದಿತ್ತು, ಅದನ್ನು ಮುಚ್ಚಿಡುವುದಿಲ್ಲ. ಎದುರಿಗೆ ಆ ವ್ಯಾಪಾರಿಯ ಕಿವಿ ಕಂಡಿತು. ನಿಜವಾಗಿಯೂ ಕಿವಿಯೇ ಕಂಡಿತು. ಬೆವರು, ಮಣ್ಣು, ಹಿಂದೆ ಸಿಕ್ಕಿಸಿಕೊಂಡ ಬೀಡಿ. ಪಕ್ಕದಲ್ಲಿ ಬಿದ್ದಿದ್ದ ತೆಂಗಿನ ಕೊರಡಿಗೆ ಮಚ್ಚನ್ನು ಬಲವಾಗಿ ನೆಟ್ಟೆ. ಆಮೇಲೆ ಎರಡೂ ಕೈಯಲ್ಲಿ ತಮ್ಮನ ಮಣಿಕಟ್ಟು ಹಿಡಿದೆ.

"ಬುಡಣ್ಣ ನನ್ನ! ಇವನ್ನ ಇಲ್ಲೇ ಮಲಗುಸ್ತೀನಿ."

"ಬುಡಾಕಿಲ್ಲ."

ಅವನ ಮಚ್ಚನ್ನೂ ಕಿತ್ತು ಅಲ್ಲೇ ನೆಟ್ಟೆ. ಪಿಕಪ್ಪಿನ ಡ್ರೈವರ್ ನಕ್ಕ. "ಚರ್ಚ್ನೋರು ಕಣ್ರೋ. ಇನ್ನೊಂದ್ ಕೆನ್ನೇನೂ ಕೊಡ್ತಾರೆ, ಇಸ್ಕೊಳ್ರೋ!"

"ಕೊಡ್ತೀನಿ, ಅದುಕ್ಕೇನಂತೆ" ಅಂದೆ, ಬಾಯಿಯ ರಕ್ತ ಉಗಿದು. ಹಲ್ಲೂ ಅದರ ಜೊತೆಗೇ ಬಿತ್ತು. ಹೋಗಿ ಪಿಕಪ್ಪಿನ ಮುಂದಿನ ಚಕ್ರಕ್ಕೆ ಬೆನ್ನು ಕೊಟ್ಟು ಕೂತು, ಆ ವ್ಯಾಪಾರಿಯನ್ನು ಕೇಳಿದೆ: "ನಿಂಗೆ ಈ ತೋಟದ ಮಾತು ಕೊಟ್ಟೋರ್ಯಾರು? ಅದುನ್ನೇಳು. ಅಲ್ಲೀಗಂಟ ಗಾಡಿ ಓಗಾಕಿಲ್ಲ."

ಹೊಡೆಯದಿರುವುದು ಒಂದು, ಬಿಟ್ಟುಕೊಡುವುದು ಇನ್ನೊಂದು. ಎರಡನೆಯದನ್ನು ದೊಡ್ಡಪ್ಪ ನನಗೆ ಕಲಿಸಿರಲಿಲ್ಲ.

ಅವನು ನನ್ನ ಬಾಯಿಯ ರಕ್ತ ನೋಡಿದ. "ಚಿಕ್ಕೋನು," ಅಂದ. "ತೋಟದೋರ ತಮ್ಮ. ಅಡ್ವಾನ್ಸೂ ಇಸ್ಕೊಂಡವ್ನೆ."

ಆಗಿದ್ದು ಇಷ್ಟೇ. ಭಾಗವಾಗದ ತೋಟ, ಅಣ್ಣತಮ್ಮಂದಿರಿಗೆ ಮಾತಿಲ್ಲ. ಅಣ್ಣ ನನಗೆ ಮಾತು ಕೊಟ್ಟ, ತಮ್ಮ ಈ ವ್ಯಾಪಾರಿಗೆ. ಒಬ್ಬನನ್ನು ಕೇಳಿದರೆ ಸಾಕು ಅಂದುಕೊಂಡದ್ದು ನನ್ನ ತಪ್ಪು, ಅವನದೂ ಅದೇ. ಆ ಅಣ್ಣತಮ್ಮಂದಿರಿಬ್ಬರನ್ನೂ ತೋಟಕ್ಕೆ ಕರೆಸಿದೆವು. ಇಳಿಸಿಯಾಗಿದ್ದ ಲೋಡು ಅವನಿಗೆ, ಮುಂದಿನ ಕೊಯ್ಲು ನನಗೆ ಅಂತ ತೀರ್ಮಾನವಾಯಿತು. ಚಕ್ರದಿಂದ ಎದ್ದೆ. ಗಾಡಿ ಹೋಯಿತು.

ನನ್ನ ಮಚ್ಚು ಕಿತ್ತುಕೊಂಡೆ. ತಮ್ಮ ತನ್ನದನ್ನು ಮುಟ್ಟಲಿಲ್ಲ. "ನಿನ್ ಧರ್ಮದ ಜೊತೆ ಅದೂ ಅಲ್ಲೇ ಇರ್ಲಿ" ಅಂದು ನಡೆದ. ಅದೇ ಕೊನೆ, ಆಮೇಲೆ ನನ್ನ ಜೊತೆ ಮಾತು ಬಿಟ್ಟ. ಮಾರುಕಟ್ಟೆಯಲ್ಲಿ ನಮ್ಮನ್ನು ಪುಕ್ಕಲರು ಅಂದರು. ನನಗಿಂತ ಅವನಿಗೆ ಅದು ಹೆಚ್ಚು ಚುಚ್ಚಿತು. ಒಂದೇ ಗಾಡಿಯಲ್ಲಿ ಭುಜಕ್ಕೆ ಭುಜ ತಾಗಿಸಿ ಕೂತಿದ್ದರೂ ನಮ್ಮ ಡ್ರೈವರಿಗೆ ಹೇಳುತ್ತಿದ್ದ: "ನಮ್ಮಣ್ಣಂಗೆ ಯೋಳು, ಇಂದ್ಗಡೆ ಟೈರಲ್ಲಿ ಗಾಳಿ ಕಮ್ಮಿ ಅದೆ." ಇವನು ನನ್ನಿಂದ ದೂರವಾದರೆ ಇನ್ನೊಂದು ಜಗಳದಲ್ಲಿ ಇವನ ಕೈ ಹಿಡಿಯುವವರಾರು ಅನ್ನುವುದೊಂದೇ ನನ್ನ ಚಿಂತೆ.

ದೊಡ್ಡಪ್ಪನ ಮುಂದೆ ಜಂಬ ಕೊಚ್ಚಿಕೊಂಡೆ. "ಒಡೆದಿದ್ರೆ ತಪ್ಪಿಲ್ದೋನ್ನ ಒಡ್ದಂಗಾಗ್ತಿತ್ತು ದೊಡ್ಡಪ್ಪ. ಲಾಭವೇ ಆಯ್ತು."

"ಕಳ್ಳನೇ ಆಗಿದ್ರೆ ಒಡೀಬೋದಿತ್ತಾ?" ಅಂದ. "ಆ ಆಳೂ ಸ್ವಾಮೀನ ಇಡಿಯಕ್ಕೇ ಬಂದಿದ್ದ ಕಣ್ಲಾ. ಕಿವಿ ವಾಸಿ ಮಾಡೋವಾಗ, ನೀನು ಯಾವ್ ಕಡೆಯೋನು ಅಂತ ಅವ್ರು ಕೇಳ್ನಿಲ್ಲ."

ಜೀವನದಲ್ಲಿ ನಾನು ಸೋತ ಚೌಕಾಸಿ ಅದೊಂದೇ.

ಎಂಟು ತಿಂಗಳಾದ ಮೇಲೆ ಒಂದು ದಿನ ಆ ವ್ಯಾಪಾರಿ ಮದ್ದೂರಿನ ಮಾರುಕಟ್ಟೆಯಲ್ಲಿ ನಮ್ಮ ಲೋಡಿನ ಹತ್ತಿರ ಬಂದ. ಕೈಯಲ್ಲಿ ಪೇಪರು ಸುತ್ತಿದ ಮಚ್ಚು. ಹಿಡಿಯನ್ನು ಮುಂದೆ ಮಾಡಿ ತಮ್ಮನಿಗೆ ಚಾಚಿದ.

"ಆ ಕೊರಡಲ್ಲೇ ಮಳೇಲಿ ತುಕ್ಕಿಡೀತಿತ್ತು. ಕಿತ್ಕೊಂಡೋಗಿ ಸಾಣೆ ಇಡುಸ್ದೆ." ಆಮೇಲೆ ನೆಲ ನೋಡಿಕೊಂಡು, "ನಿಮ್ಮಪ್ಪ ತೀರೋಗಿದ್ದು ಗೊತ್ತಿರ್ನಿಲ್ಲ ಕಣಪ್ಪ" ಅಂದ.

ತಮ್ಮ ಪೇಪರು ಬಿಚ್ಚಿದ. ಹೆಬ್ಬೆರಳಿನಿಂದ ಅಲಗು ಸವರಿ ನೋಡಿದ. ಮಚ್ಚನ್ನು ಕಾಯಿಗಳ ಮೇಲೆ ಮಲಗಿಸಿ ನನ್ನ ಕಡೆ ತಿರುಗಿದ.

"ಅಣ್ಣ, ಮೂರು ಟೀ ಯೋಳು."

ನಿಮಗೂ ಇಂಥ ಬೆಳಿಗ್ಗೆ ಬಂದೇ ಬರುತ್ತದೆ. ಆಗ ಕೈಯಲ್ಲಿರುವುದನ್ನು ಮೊದಲು ಇಳಿಸಿ. ಸುಮ್ಮನೆ ನೆಲಕ್ಕೆ ಹಾಕಬೇಡಿ, ಬೇರೆಯವನು ಎತ್ತಿಕೊಂಡಾನು. ಕೀಳಲು ಎರಡು ಕೈ ಬೇಕಾಗುವ ಹಾಗೆ ನೆಡಿ. ಹಿಂದೆ ಸರಿಯಬೇಡಿ, ಕೂತುಬಿಡಿ. ಕೂತವನಿಗೆ ಹೊಡೆಯಬೇಕಾದರೆ ಎದುರಿನವನು ಬಗ್ಗಬೇಕು, ಅಷ್ಟರಲ್ಲಿ ಅವನಿಗೂ ಯೋಚನೆ ಬರುತ್ತದೆ. ಅವನಿಗೆ ಮಾತು ಕೊಟ್ಟವರು ಯಾರು ಅಂತ ಕೇಳಿ. ಭಾಗವಾಗದ ತೋಟವಾದರೆ ಅಣ್ಣತಮ್ಮಂದಿರಿಬ್ಬರನ್ನೂ ಒಂದೇ ಜಗಲಿಯ ಮೇಲೆ ಕೂರಿಸದೆ ಅಡ್ವಾನ್ಸ್ ಬಿಚ್ಚಬೇಡಿ. ಇಷ್ಟೆಲ್ಲ ಮಾಡಿದ ಮೇಲೂ ನಿಮ್ಮವರೇ ನಿಮ್ಮನ್ನು ಪುಕ್ಕಲ ಅಂದು ಮಾತು ಬಿಡಬಹುದು. ನೀವು ಮಾತ್ರ ಬಿಡಬೇಡಿ. ಆ ಎಂಟು ತಿಂಗಳು ದಿನಾ ಬೆಳಿಗ್ಗೆ ನಾನು "ತಿಂಡಿ ಆಯ್ತೇನ್ಲಾ?" ಅಂತ ಕೇಳಿದ್ದೇನೆ. ಉತ್ತರಕ್ಕೆ ಕಾಯಬೇಡಿ, ಕೇಳಿ ಗಾಡಿ ಹತ್ತಿ.